ಪರೀಕ್ಷೆಗೆ ಹೋದ ಮಣ್ಣು

ಶಾಂತಿಗ್ರಾಮದ ಕಡೆ ಗ್ರಾಮಸೇವಕನಾಗಿದ್ದಾಗ, ಸಕ್ಕರೆಯಂಥ ಬಿಳಿ ಅಮೋನಿಯಾ ಗೊಬ್ಬರವನ್ನು ಹಾಕಿ ಎಂದು ಊರೂರು ತಿರುಗಿ ಹೇಳಿದವನು ನಾನೇ. ಮೊದಮೊದಲು ಬೆಳೆ ಕಣ್ಣು ತುಂಬುವಂತಿತ್ತು. ತಿಪ್ಪೆಗೊಬ್ಬರ ಬಿಟ್ಟು ವರ್ಷವರ್ಷವೂ ಅದನ್ನೇ ಸುರಿದ ಕಾಳೇಗೌಡರಿಗೆ ಇದ್ದದ್ದು ಒಂದೇ ಹೊಲ. ಅದರಲ್ಲಿ ಆಲೂಗಡ್ಡೆ ಗಿಡ ಗೇಣುದ್ದಕ್ಕೇ ನಿಂತು ಹಳದಿಯಾಯಿತು. ಮಣ್ಣು ಹುಳಿಯಾಗಿರಬೇಕು, ಸುಣ್ಣ ಹಾಕಿದರೆ ಸರಿಹೋದೀತು ಎಂದು ನನಗೆ ತೋರಿತು. ಆದರೆ ಮಣ್ಣಿನ ಪರೀಕ್ಷೆಯಾಗದೆ ಕಚೇರಿಯವರು ಸುಣ್ಣ ಕೊಡುತ್ತಿರಲಿಲ್ಲ. ಗೌಡರ ಕೈಗೆ ಬಟ್ಟೆಚೀಲ ಕೊಟ್ಟು, ಮಣ್ಣು ತುಂಬಿ ತನ್ನಿ ಎಂದೆ. ಅಂದು ಏಕಾದಶಿ, ಉಪವಾಸವೆಂದು ನಾನು ಹೊಲದವರೆಗೆ ಹೋಗಲಿಲ್ಲ.

ಗೌಡರು ತಂದ ಚೀಲವನ್ನು ಪರೀಕ್ಷೆಗೆ ಕಳಿಸಿದೆ. ಹಾಸನದಿಂದ ವರದಿ ಬಂತು: ಮಣ್ಣು ಚೆನ್ನಾಗಿದೆ, ಸುಣ್ಣ ಬೇಡ. ಅದನ್ನು ನಂಬಿ ಗೌಡರು ಮತ್ತೆ ಆಲೂಗಡ್ಡೆ ಹಾಕಿದರು. ಬಿತ್ತನೆಗೆ ಹಾಕಿದಷ್ಟು ಗಡ್ಡೆಯೂ ವಾಪಸು ಸಿಗಲಿಲ್ಲ. ಬದುವಿನ ಮೇಲೆ ಕೂತು ಕೇಳಿದೆ.

“ಗೌಡರೇ, ಆವತ್ತು ಯಾವ ಮೂಲೇಲಿ ಮಣ್ಣು ಅಗೆದಿರಿ?”

“ಈ ಓಲದ್ದಾ? ಇಂಥ ಕೆಟ್ಟ ಮಣ್ಣ ಸರ್ಕಾರಕ್ಕೆ ಕೊಡಕ್ಕಾಯ್ತದಾ ಸಾ? ಮೈ ತೊಳ್ಕಂಡು, ಮನೆ ಮುಂದ್ಲ ತುಳಸಿಕಟ್ಟೆ ಮಣ್ಣು ತಂದ್ಕೊಟ್ಟೆ ಕಣ್ ಸಾ.”

ಏನೆಂದು ಬಯ್ಯಲಿ? ನಾನೇ ಹೊಲದ ಮಣ್ಣು ಅಗೆದು ಕಳಿಸಿದೆ. ಹುಳಿಯೆಂದು ವರದಿಯಾಗಿ ಸುಣ್ಣದ ಮೂಟೆಗಳು ಬರುವ ಹೊತ್ತಿಗೆ ಗೌಡರು ಹೊಲ ಬೀಳುಬಿಟ್ಟು, ಹೆಂಡತಿಯೊಡನೆ ಕೂಲಿಗೆ ಹೊರಟುಹೋಗಿದ್ದರು. ಹೆಬ್ಬೆಟ್ಟು ಒತ್ತಿ ಪಡೆಯುವವರಿಲ್ಲದೆ ಮೂಟೆಗಳು ಬಿದ್ದೇ ಇದ್ದವು. ಕೊನೆಗೆ ಆ ಸುಣ್ಣವನ್ನು ಕಚೇರಿಯ ಗೋಡೆಗೆ ಬಳಿದರು. ತಪಾಸಣೆಗೆ ಬಂದ ಸಾಹೇಬರು ನೋಡಿ, ಬಹಳ ಚೊಕ್ಕಟವಾಗಿದೆ ಎಂದರು.