ಮಂಚದ ಪಕ್ಕದ ಒಲೆಯಲ್ಲಿ ಹರಿಸೇವೆ

ನಮ್ಮ ಅತ್ತೆ ಚಿಕ್ಕತಾಯಮ್ಮ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮದುವೆಯಾಗಿ ಬಂದ ದಿನದಿಂದ ನಾನು ಅವರಿಗೆ ‘ಅಮ್ಮಿ’. ಬೈಯುವಾಗಲೂ ಅಮ್ಮಿ, ತಲೆಗೆ ಎಣ್ಣೆ ಹಚ್ಚುವಾಗಲೂ ಅಮ್ಮಿ. ಕಳೆದ ವರ್ಷ ಯುಗಾದಿ ಮುಗಿದ ಮೇಲೆ ಅವರಿಗೆ ಲಕ್ವ ಹೊಡೆದು ಆ ಮಾತು ನಿಂತುಹೋಯಿತು. ರಂಗನಾಥನ ಒಕ್ಕಲಿನವರೇ, ಅದು ಮತ್ತೆ ಹೇಗೆ ಬಂತು ಎಂದು ನಿಮಗೆ ಹೇಳದಿದ್ದರೆ ನನ್ನ ಮನಸ್ಸು ತಡೆಯುವುದಿಲ್ಲ. ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕುದೂರಿನ ಹತ್ತಿರದ ನಮ್ಮೂರಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಅಲ್ಲೇ ಕುಸಿದಿದ್ದರು. ಯಜಮಾನರು ಫ್ಯಾಕ್ಟರಿಯಲ್ಲಿ ಡ್ಯೂಟಿಯಲ್ಲಿದ್ದರು. ನಾನೇ ನಾವಿರುವ ಹಾರೋಹಳ್ಳಿಯಿಂದ ಸಿಕ್ಕಿದ ಬಸ್ಸು ಹತ್ತಿ, ರಾಮನಗರದಲ್ಲಿ ಇಳಿದು, ಮಾಗಡಿ ಬಸ್ಸಿನಲ್ಲಿ ನಿಂತುಕೊಂಡೇ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ರಂಗಪ್ಪಾ ರಂಗಪ್ಪಾ ಎನ್ನುತ್ತಿದ್ದೆ. ಪ್ರಾಣ ಉಳಿಯಿತು. ಬಲಗೈ ಸೋತಿತು, ಮಾತು ಹೋಯಿತು. “ಮಾತು ಬರಬಹುದು. ಆದ್ರೆ ಅವರೇ ಪ್ರಯತ್ನ ಪಡಬೇಕು” ಎಂದರು ಡಾಕ್ಟರು.

ಅತ್ತೆ ಪ್ರಯತ್ನ ಪಡಲಿಲ್ಲ. ಹಾರೋಹಳ್ಳಿಯ ನಮ್ಮ ಬಾಡಿಗೆ ಮನೆಗೆ ಕರೆತಂದು ಮಂಚ ಹಾಕಿದೆವು. ಮೊದಮೊದಲು ಬಾಯಿ ತೆರೆದಾಗ ಏನೋ ವಿಚಿತ್ರ ಸದ್ದು ಬಂತು. ಅದಕ್ಕೆ ನಾಚಿಕೊಂಡು ತುಟಿ ಬಿಗಿದವರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಆಚೆ ಬೀದಿಗೂ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು! ಒಂದು ದಿನ ಊಟದ ತಟ್ಟೆಯನ್ನೂ ದೂರ ತಳ್ಳಿದರು. ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅಲ್ಲೇ ಕೇಳಿಕೊಂಡೆ. “ರಂಗಪ್ಪಾ, ಇಷ್ಟು ವರ್ಷ ದೊಡ್ಡ ಮನೆ ಕೊಡು ಅಂತ ನಿನ್ನ ತಲೆ ತಿಂದೆ, ನೀನು ಕೊಡ್ಲಿಲ್ಲ. ಅದು ಬೇಡ ಬಿಡು. ನಮ್ಮತ್ತೆ ಬಾಯಲ್ಲಿ ಒಂದ್ಸಲ ಅಮ್ಮಿ ಅನ್ನಿಸು. ಹರಿಸೇವೆ ಮಾಡಿಸ್ತೀನಿ.”

ಹರಿಸೇವೆ ಎಂದರೆ ಸುಮ್ಮನೆ ಮಾತಲ್ಲ. ದಾಸಯ್ಯನನ್ನು ಕರೆಸಬೇಕು, ದೇವರಿಗೆ ಎಡೆ ಇಡಬೇಕು, ಬಂದವರಿಗೆಲ್ಲ ಊಟ ಹಾಕಬೇಕು. ಕರೆಯದೆ ಬಂದವರನ್ನೂ ಬರಿಹೊಟ್ಟೆಯಲ್ಲಿ ಕಳಿಸುವಂತಿಲ್ಲ. ಸಾತನೂರಿನಿಂದ ನಾದಿನಿ ಜಯಮ್ಮ ಫೋನಿನಲ್ಲಿ ಹೇಳಿದಳು: “ಅವ್ವ ಮದ್ಲು ಮಾತಾಡ್ಲಿ ಕಣತ್ತಿಗೆ, ಆಮ್ಯಾಕೆ ಮಾಡಾನ.”

“ಮೊದ್ಲೇ ಮಾಡ್ಬುಡಾನ ಕಣೆ. ಆಗ ರಂಗಪ್ಪ ನಮ್ಮ ಹಂಗಲ್ಲಿರ್ತಾನೆ” ಎಂದೆ.

ಯಜಮಾನರು ಮನೆಯನ್ನು ಒಮ್ಮೆ ಸುತ್ತ ನೋಡಿದರು. ನೋಡಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ, ಇರುವುದೇ ಒಂದು ಕೋಣೆ, ಒಬ್ಬರು ನಿಂತರೆ ತುಂಬುವ ಅಡುಗೆಮನೆ. “ಈ ಗೂಡಲ್ಲಿ ಅಷ್ಟು ಜನಕ್ಕೆ ಎಲ್ ಎಲೆ ಹಾಕ್ತೀಯಾ? ಛತ್ರ ಹಿಡಿಯಾನ” ಎಂದರು. ದಾಸಯ್ಯ ಒಪ್ಪಲಿಲ್ಲ. “ಹರ್ಕೆ ಹೊತ್ಕಂಡೋರ ಮನೇಲೇ ಒಲೆ ಹತ್ಬೇಕು ಕಣವ್ವಾ. ಜಾಗ ಅವ್ನು ನೋಡ್ಕತಾನೆ” ಎಂದುಬಿಟ್ಟರು.

ಶ್ರಾವಣದ ಕೊನೆಯ ಶನಿವಾರ ಗೊತ್ತಾಯಿತು. ಮನೆ ಓನರು ಮೇಲಿನ ತೆರೆದ ಮಹಡಿ ಬಿಟ್ಟುಕೊಟ್ಟರು, ಪಂಕ್ತಿ ಅಲ್ಲಿ. ದೊಡ್ಡ ಪಾತ್ರೆ ಅಡುಗೆಮನೆಯ ಬಾಗಿಲಲ್ಲೇ ತೂರಲಿಲ್ಲ. ಬೇರೆ ದಾರಿಯಿಲ್ಲದೆ ಕೋಣೆಯಲ್ಲೇ, ಅತ್ತೆಯ ಮಂಚದ ಪಕ್ಕ ಗ್ಯಾಸ್ ಒಲೆ ಹೂಡಿದೆವು. ಕಾಯಿಲೆಯವರ ಮುಖಕ್ಕೆ ಒಗ್ಗರಣೆ ಘಾಟು ಹೊಡೆಯುತ್ತದಲ್ಲ ಎಂದು ನನಗೆ ಸಂಕಟ. “ಇವತ್ತೊಂದಿನ ತಡ್ಕಳಿ ಅತ್ತೆ” ಎಂದೆ. ಅವರು ಗೋಡೆಯಿಂದ ಮುಖ ತಿರುಗಿಸಿ ಒಲೆಯ ಕಡೆ ನೋಡಿದರು. ಅಷ್ಟೇ ನನಗೆ ಸಾಕಾಗಿತ್ತು.

ಎಡೆ ಇಡುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಊರಿನಲ್ಲಿ ಯಾರ ಮನೆಯ ಹರಿಸೇವೆಗೆ ಹೋದರೂ ಉಪ್ಪು ಹಾಕುವುದು ಅತ್ತೆಯ ಕೈಯೇ. ನಾವು ಉಪ್ಪಿನ ಡಬ್ಬಿ ಮುಟ್ಟಿದರೆ ಕೈಮೇಲೆ ಏಟು ಬೀಳುತ್ತಿತ್ತು. ನಾನೂ ಜಯಮ್ಮನೂ ತರಕಾರಿ ಹೆಚ್ಚಿ, ಕಾಳು ಬೇಯಿಸಿ, ಖಾರ ಅರೆದು, ಕುಂಬಳಕಾಯಿ ಸಾರನ್ನು ಕುದಿಸಿ ಇಳಿಸಿದೆವು. ಮಹಡಿ ತುಂಬಿ ಮೆಟ್ಟಿಲ ಮೇಲೂ ಜನ ಕೂತಿದ್ದರು. ದಾಸಯ್ಯ ಶಂಖ ಎತ್ತಿಕೊಂಡು, “ಎಡೆಗೆ ಬಡಿಸ್ರವ್ವಾ” ಎಂದರು. ನಾನು ಸೌಟು ಹಾಕಿದೆ.

ಠಣ್ ಎಂದು ಸದ್ದಾಯಿತು. ಅತ್ತೆ ಎಡಗೈಯಲ್ಲಿ ನೀರಿನ ಲೋಟವನ್ನು ಮಂಚಕ್ಕೆ ಕುಟ್ಟುತ್ತಿದ್ದರು. “ನೀರು ಬೇಕೇನವ್ವಾ?” ಎಂದು ಜಯಮ್ಮ ಓಡಿದಳು. ತಲೆ ಅಡ್ಡ ಆಡಿಸಿದರು. ಬಚ್ಚಲಿಗೆ ಹೋಗಬೇಕೇ ಎಂದು ನಾನು ಕೇಳಿದ್ದಕ್ಕೆ ಲೋಟವನ್ನು ನನ್ನ ಕಡೆ ಎಸೆದೇಬಿಟ್ಟರು. ಮುಖ ಕೆಂಪಗಾಗಿತ್ತು. ತುಟಿ ನಡುಗಿ ನಡುಗಿ, “ಊ... ಊ...” ಎಂದರು. ಇನ್ನೊಂದು ಸಲ ಲಕ್ವ ಹೊಡೆಯಿತೋ ಎಂದು ಹೆದರಿದೆ. ಆಮೇಲೆ ಬಂತು ನೋಡಿ:

“ಉಪ್ಪು... ಉಪ್ಪಾಕಮ್ಮಿ!”

ನಾನೂ ಜಯಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ನೀನ್ ಹಾಕ್ಲಿಲ್ವೇನೆ?” “ನೀವ್ ಹಾಕಿದ್ರಿ ಅಂದ್ಕಂಡೆ ಅತ್ತಿಗೆ!” ಹಾಕುವುದು ಅತ್ತೆಯ ಕೆಲಸವೆಂದು ಇಬ್ಬರ ಕೈಯೂ ಅಭ್ಯಾಸಬಲದಿಂದ ಸುಮ್ಮನಿತ್ತು. ಅವರು ಮಲಗಿದಲ್ಲಿಂದಲೇ ಬೆಳಗಿನಿಂದ ನಮ್ಮ ಕೈಯನ್ನೇ ಗಮನಿಸುತ್ತಿದ್ದರು. ಸಪ್ಪೆ ಸಾರು ದೇವರ ಎಡೆಗೆ ಹೋಗುವುದನ್ನು ಮಾತ್ರ ಅವರಿಂದ ನೋಡಲಾಗಲಿಲ್ಲ.

ದಾಸಯ್ಯ ಶಂಖ ಕೆಳಗಿಟ್ಟು, “ಗೋವಿಂದಾ!” ಎಂದು ಕೂಗಿದರು. ಏನಾಯಿತೆಂದೇ ತಿಳಿಯದೆ ಮಹಡಿಯವರೆಲ್ಲ, “ಗೋವಿಂದಾ!” ಎಂದರು. ನಾನು ಅಳುತ್ತಲೇ ಡಬ್ಬಿ ತಂದು ಅತ್ತೆಯ ಮುಂದೆ ಹಿಡಿದೆ. ಅವರನ್ನು ಎಬ್ಬಿಸಿ ಕೂರಿಸಿದೆವು. ಎಡಗೈಯಲ್ಲಿ ಹಿಡಿ ಹಿಡಿಯಾಗಿ ಅಳೆದು ಅಳೆದು ಪಾತ್ರೆಗೆ ಹಾಕಿ, ಸಾಕು ಎಂಬಂತೆ ಕೈ ಕೊಡವಿದರು. ಮತ್ತೆ ಒಂದು ಕುದಿ ಬರಿಸಿ ಎಡೆ ಇಟ್ಟೆವು.

ಯಜಮಾನರು ಮಹಡಿಯಿಂದ ಓಡಿಬಂದು ಮಂಚದ ಮುಂದೆ ಕೂತು, “ಅವ್ವಾ, ನನ್ನೂ ಕರೀ, ನನ್ನೆಸ್ರೇಳು” ಎಂದರು. ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು, “ಅಮ್ಮಿ” ಎಂದರು. ಮಗನ ಹೆಸರು ಬಾಯಿಗೆ ಬರಲು ದೀಪಾವಳಿಯೇ ಬರಬೇಕಾಯಿತು. ಈಗಲೂ ನಾನು ಅದನ್ನು ಹೇಳಿ ಯಜಮಾನರನ್ನು ರೇಗಿಸುತ್ತೇನೆ.

ಊಟದ ನಡುವೆ ಮಳೆ ಹನಿಯಿತು. ಜನ ಎಲೆ ಎತ್ತಿಕೊಂಡು ಅಕ್ಕಪಕ್ಕದ ಮನೆಗಳಿಗೆಲ್ಲ ನುಗ್ಗಿ ಉಂಡರು. ಜಾಗ ಅವನು ನೋಡಿಕೊಂಡ. ಡಾಕ್ಟರಿಗೆ ಹೇಳಿದರೆ, ಕೆಲವರಿಗೆ ಹೀಗೆ ಬರುವುದುಂಟು, ಅಭ್ಯಾಸ ಬಿಡಬೇಡಿ ಎಂದರು. ಇರಬಹುದು. ಆದರೆ ನನಗೆ ದೊಡ್ಡ ಮನೆ ಇದ್ದಿದ್ದರೆ ಅತ್ತೆ ಒಳಕೋಣೆಯಲ್ಲಿ ಗೋಡೆ ನೋಡುತ್ತಾ ಮಲಗಿರುತ್ತಿದ್ದರು, ಒಲೆ ಇನ್ನೆಲ್ಲೋ ಉರಿಯುತ್ತಿತ್ತು. ಅದನ್ನು ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ. ಈಗ ನಾನು ರಂಗಪ್ಪನನ್ನು ಮನೆ ಕೇಳುವುದಿಲ್ಲ.

ಇನ್ನೂ ಬರೆಯುವುದಿತ್ತು. ಆದರೆ ಮಂಚದಿಂದ ಕೂಗು ಬರುತ್ತಿದೆ, ತಡೆದು ತಡೆದು, ಆದರೂ ಬೀದಿಗೆ ಕೇಳುವಂತೆ: “ಬ್ಯಾಳೆ... ಸೀಯ್ತಾ ಐತೆ... ಬರ್ಕಂಡ್ ಕೂತವ್ಳೆ... ಅಮ್ಮಿ!”

ಬಂದೆ ಅತ್ತೆ.