ಕೀಪರನ ಕೈ ನೋಡುವ ಹೊಳಿಯಪ್ಪ

ಬೆಳಗಿನ ಐದೂವರೆ. ಕೊಪ್ಪಳದ ಹೈಸ್ಕೂಲ್ ಮೈದಾನದಲ್ಲಿ ಹೊಳಿಯಪ್ಪ ಮೂವತ್ತು ಕೊಡ ನೀರು ಹಾಕಿ ನೆಲ ಹದ ಮಾಡಿದ್ದಾರೆ. ಈಗ ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಅಂಚಿಗೆ ಮೊಳೆ ಹೊಡೆಯುತ್ತಿದ್ದಾರೆ. ಮೊಳೆ ಮುಗಿದರೂ ಎದ್ದು ಹೋಗುವುದಿಲ್ಲ. ಸ್ಟಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೆಂಡು ಎಷ್ಟೆತ್ತರ ಪುಟಿದೀತೆಂದು ಕಣ್ಣಲ್ಲೇ ಅಳೆಯುತ್ತಾರೆ.

ಹಾಜರಿ ಪುಸ್ತಕದಲ್ಲಿ ಅವರು ಬರೀ ಚಪರಾಸಿ. ವಯಸ್ಸು ಐವತ್ತೆರಡು. ಆದರೆ ಕ್ರಿಕೆಟ್ ತಂಡಕ್ಕೆ ವಿಕೆಟ್ ಕೀಪರ್ ಆರಿಸುವಾಗ ಡ್ರಿಲ್ ಮಾಸ್ತರ್ ಇಬ್ರಾಹಿಂಸಾಬರು ಮೊದಲು ಕೇಳುವುದು ಇವರನ್ನೇ. ಹರೆಯದಲ್ಲಿ ಹನ್ನೊಂದು ವರ್ಷ ಸಿಕಂದರಾಬಾದಿನ ಮೈದಾನವೊಂದರಲ್ಲಿ ಕೂಲಿ ಮಾಡಿದವರು. ಕೀಪರ್ ಬಿಟ್ಟ ಚೆಂಡನ್ನು ಓಡಿ ತರುವುದು ಇವರ ಕೆಲಸ. "ಕೀಪರ್ ಛಲೋ ಇದ್ದ ದಿನ ನನಗ ಆರಾಮ್ರಿ. ಕೆಟ್ಟವ ಇದ್ರ ಕಾಲು ಬೀಳೂಹಂಗ ಓಡಬೇಕು. ಹಂಗ ಓಡಿ ಓಡಿ, ಚೆಂಡು ಯಾಕ ಬಿಡ್ತಾರ ಅಂತ ತಿಳೀತು," ಎನ್ನುತ್ತಾರೆ.

ಕೊಪ್ಪಳದ ಪಕ್ಕದ ಭಾಗ್ಯನಗರದ ಕೂಲಿ ಹೆಣ್ಣುಮಗಳು ಮಾರೆವ್ವನ ಮಗ ಹುಲಿಗೆಪ್ಪನನ್ನು ಗುರುತಿಸಿದವರೂ ಇವರೇ. ಬೌಂಡರಿ ಗೆರೆಯಂಚಿನಲ್ಲಿ ನಿಂತಿದ್ದ ಹುಡುಗನ ಕೈಗೆ ಚೆಂಡು ಸದ್ದಿಲ್ಲದೆ ಬಂದು ಕೂರುವುದನ್ನು ಕಂಡು ಸ್ಟಂಪಿನ ಹಿಂದೆ ನಿಲ್ಲಿಸಿದರು. ಎರಡು ವರ್ಷ ಚೆನ್ನಾಗಿಯೇ ಆಡಿದ. ಕಳೆದ ವರ್ಷ, ಅಂದರೆ ೧೯೪೩ರಲ್ಲಿ, ಚೆಂಡು ಬಡಿದು ಬೆರಳು ಮುರಿಯಿತು. ಬೆರಳು ಕೂಡಿಕೊಂಡಿತು, ಅಂಜಿಕೆ ಉಳಿಯಿತು.

ಅದೇ ಹೊತ್ತಿಗೆ ಜಿಲ್ಲಾ ಕೇಂದ್ರವಾದ ರಾಯಚೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ. ಆರಿಸಿ ಬಂದವರಿಗೆ ಅಲ್ಲಿನ ಬೋರ್ಡಿಂಗಿನಲ್ಲಿ ಊಟ, ವಸತಿ, ಮುಂದಿನ ಓದು.

"ಹುಡುಗನ್ನ ಕಳಸೂಣೇನು ಹೊಳಿಯಪ್ಪ?" ಎಂದು ಮಾಸ್ತರರು ಕೇಳಿದರು.

"ಈ ವರ್ಷ ಬ್ಯಾಡ್ರಿ ಮಾಸ್ತರ್ರ. ಚೆಂಡು ಹತ್ರ ಬಂದ್ರ ಕಣ್ಣು ಮುಚ್ಚತಾನ."

ಮರುದಿನ ಮಾರೆವ್ವ ಮೈದಾನಕ್ಕೇ ಬಂದಳು. "ಯಣ್ಣಾ, ನನ್ನ ಮಗನ ಅನ್ನಕ್ಕ ಯಾಕ ಕಲ್ಲು ಹಾಕಿದಿ?"

"ಈಗ ಹೋದ್ರ ಚೆಂಡು ಕಣ್ಣಿಗೇ ಬೀಳತೈತಿ ತಂಗಿ. ಒಂದು ವರ್ಷ ನನಗ ಬಿಡು," ಎಂದರು ಹೊಳಿಯಪ್ಪ.

ಹುಲಿಗೆಪ್ಪ ಒಂದು ತಿಂಗಳು ಮಾತು ಬಿಟ್ಟ. "ಆ ತಿಂಗಳು ನನಗ ಊಟ ಸೇರಲಿಲ್ರಿ. ನಾನೇ ತಪ್ಪು ನೋಡಿದ್ನೇನೋ ಅಂತ ಹೆದರಿದ್ದೆ," ಎಂದು ಹೊಳಿಯಪ್ಪ ಈಗ ನೆನೆಯುತ್ತಾರೆ. ಆಮೇಲೆ ಒಂದು ಬೆಳಗ್ಗೆ ಹುಡುಗ ತಾನಾಗಿಯೇ ಬಂದು ಚಾಪೆಯ ಇನ್ನೊಂದು ತುದಿ ಹಿಡಿದ.

ಅಂದಿನಿಂದ ದಿನಕ್ಕೆ ಇನ್ನೂರು ಎಸೆತ. ಹೊಳಿಯಪ್ಪ ಬಟ್ಟೆ ಚೆಂಡಿನ ಮೇಲೆ ಇದ್ದಿಲಿನಿಂದ ಒಂದೋ ಎರಡೋ ಮೂರೋ ಗೆರೆ ಎಳೆದು ಎಸೆಯುತ್ತಿದ್ದರು. ಹಿಡಿಯುವ ಮೊದಲು ಹುಡುಗ ಗೆರೆ ಎಷ್ಟೆಂದು ಕೂಗಬೇಕು. ಕೂಗದೆ ಹಿಡಿದದ್ದು ಲೆಕ್ಕಕ್ಕಿಲ್ಲ. ಕಣ್ಣು ಮುಚ್ಚಿದರೆ ಗೆರೆ ಕಾಣದಲ್ಲ! ಬಟ್ಟೆಯ ನಂತರ ರಬ್ಬರಿನದು ಬಂತು, ದೀಪಾವಳಿಯ ಹೊತ್ತಿಗೆ ಚರ್ಮದ್ದು.

ಹೋದ ತಿಂಗಳು ಹುಲಿಗೆಪ್ಪ ಆಯ್ಕೆಗೆಂದು ರಾಯಚೂರಿಗೆ ಹೋದ. ಶಾಲೆಯ ಗಂಟೆ ಹೊಡೆಯಲು ಬೇರೆಯವರಿಲ್ಲದೆ ಹೊಳಿಯಪ್ಪ ಉಳಿದರು. ಮೂರನೆಯ ದಿನ ಹುಡುಗ ರೈಲಿಳಿದು ಮನೆಗೂ ಹೋಗದೆ ಮೈದಾನಕ್ಕೆ ಬಂದು, "ಕಾಕಾ, ತಗೊಂಡ್ರು!" ಎಂದ. ಐದು ಕ್ಯಾಚು, ಎರಡು ಸ್ಟಂಪಿಂಗು. ಹೊಳಿಯಪ್ಪ ಅವನ ಎರಡೂ ಅಂಗೈ ತಿರುಗಿಸಿ ನೋಡಿದರು. "ಬೆರಳ ತುದಿಗೆ ಒಂದೂ ಪೆಟ್ಟಿಲ್ರಿ. ಎಲ್ಲಾ ಅಂಗೈಯಾಗ ಹಿಡಿದಾನ," ಎಂದು ನನಗೆ ಹೇಳುವಾಗ ಅವರ ದನಿ ಸ್ವಲ್ಪ ಏರುತ್ತದೆ.

ನಿಮಗೇನು ಬೇಕೆಂದು ಕೇಳುತ್ತೇನೆ.

"ನಮ್ಮ ಸಾಲಿಗೆ ಒಂದು ಜೋಡಿ ಸಣ್ಣ ಗ್ಲೌಸು ಬೇಕ್ರಿ. ಈಗಿನವು ಸಣ್ಣ ಹುಡುಗರ ಕೈಯಾಗಿಂದ ಜಾರತಾವ. ಅವರೊಳಗ ಹೆಂಥಾ ಛಲೋ ಕೈ ಅದಾವೋ ಏನೋ, ನನಗ ಗೊತ್ತಾಗವಲ್ದು."