ಕಪ್ಪೆ ಎಣಿಸುವ ಥೊಂಗ್‌ಸುಕ್ ಸಾಹೇಬರು

ಮೆಕಾಂಗ್ ದಂಡೆಯ ನಮ್ಮ ಜಿಲ್ಲೆಯಲ್ಲಿ ಶಾಲೆಯೋ ಆಸ್ಪತ್ರೆಯೋ ಕಟ್ಟುವುದಿದ್ದರೆ ಜಾಗ ನೋಡಲು ಬರುವವರು ಥೊಂಗ್‌ಸುಕ್ ಸಾಹೇಬರು. ನಕ್ಷೆ ಕಂಕುಳಲ್ಲೇ ಇರುತ್ತದೆ. ಅವರು ನೋಡುವುದು ಬಾಣಲೆ. ಕಪ್ಪೆ ಕಂಡರೆ ನೀರು ನಿಲ್ಲುವ ಜಾಗವೆಂದು ಗೊತ್ತಾದೀತೆಂದು, ಜಮೀನು ಮಾರುವ ಆತುರದವರು ಅಲ್ಲಿನ ಕಪ್ಪೆಗಳನ್ನೆಲ್ಲ ಮೊದಲೇ ಹಿಡಿದು ಹುರಿದು, ಅಂಟು ಅನ್ನದ ಜೊತೆ ಅವರಿಗೇ ಬಡಿಸುತ್ತಾರೆ. "ಒಂದು ಹನಿ ನೀರು ನಿಲ್ಲಲ್ಲ ಸಾಹೇಬ್ರೆ," ಎಂದಳು ಮೊನ್ನೆ, ಆಸ್ಪತ್ರೆಗೆ ತನ್ನ ಜಮೀನು ಮಾರಲು ಹೊರಟ ಸೋಮ್‌ಲಾ ಅಕ್ಕ. ಸಾಹೇಬರು ಎಲುಬು ಚೀಪುತ್ತಾ ಎಣಿಸಿದರು. "ಇಪ್ಪತ್ತು ಕಪ್ಪೆ ಸಿಕ್ಕಿದ್ಮೇಲೆ ಇದು ಕೆರೆನೇ ಕಣಮ್ಮ, ಆಸ್ಪತ್ರೆ ಬೇಡ. ಇನ್ನೊಂದು ಹಾಕು." "ಉಂಡ ಮನೆಗೇ ಎರಡು ಬಗೀತಾನೆ ಮುದುಕ," ಎಂದು ಊರು ಬೈಯುತ್ತದೆ. ಆದರೆ ಮೊದಲ ಮಳೆಯ ದಿನ ಅವರು ಕಪ್ಪೆ ತಿನ್ನುವುದಿಲ್ಲ. ಹರೆಯದಲ್ಲಿ ತಾವೇ ಕೆರೆ ಮುಚ್ಚಿಸಿ ಕಟ್ಟಿಸಿದ ಶಾಲೆಗೆ ಬುಟ್ಟಿ ಹಿಡಿದು ಹೋಗಿ, ಇಂದಿಗೂ ಕೆರೆ ಹುಡುಕಿಕೊಂಡು ತರಗತಿಗೆ ಬರುವ ಕಪ್ಪೆಗಳನ್ನು ಒಂದೊಂದಾಗಿ ಎತ್ತಿ ಕಾಲುವೆಗೆ ಬಿಡುತ್ತಾರೆ.